ದಾರಕ್ಕೆ ತಾಗದ ಗುಂಡುಸೂಜಿ

1986ರ ಜುಲೈ 14, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ರಾಜಾಜಿನಗರದಲ್ಲಿದ್ದ ನಮ್ಮ ಕಾರ್ಖಾನೆಯ ಡ್ರಾಯಿಂಗ್ ಆಫೀಸು. ಹಾಜರಿದ್ದವರು ನಾಲ್ವರು: ನೌಕರರ ಗೃಹ ನಿರ್ಮಾಣ ಸಂಘದ ಕಾರ್ಯದರ್ಶಿ, ಕಂಪ್ಯೂಟರ್ ವಿಭಾಗದ ಅಧಿಕಾರಿ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಡ್ರಾಫ್ಟ್ಸ್‌ಮನ್ ಮತ್ತು ನಾನು. ಡ್ರಾಯಿಂಗ್ ಆಫೀಸಿನ ಮುಖ್ಯಸ್ಥೆ ನಾನು. ಸಂಘದ ಸೈಟು ಹಂಚಿಕೆ ಉಪಸಮಿತಿಯ ಸಂಚಾಲಕಿಯೂ ನಾನೇ. ಹಂಚಿಕೆಯ ರಿಜಿಸ್ಟರಿಗೆ ಸಂಚಾಲಕಿಯ ಸಹಿ ಬೀಳದೆ ಯಾವ ಸೈಟೂ ಯಾರದ್ದೂ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ವಾರದ ಜಗಳವೆಲ್ಲ ಆ ಸಹಿಯದೇ.

ಕಾರ್ಯದರ್ಶಿಯವರು ಕಂಪ್ಯೂಟರಿನ ಅಗಲ ಕಾಗದದ ದಪ್ಪ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಹೇರೋಹಳ್ಳಿಯ ಆಚೆ ಸಂಘ ಮಾಡಿಸಿದ್ದ ಬಡಾವಣೆಯ ಸಾವಿರದ ನೂರು ಚಿಲ್ಲರೆ ಸೈಟುಗಳೂ ಅದರಲ್ಲಿದ್ದವು. ಈ ಸಲ ಆಯ್ಕೆಗೆ ಬರುವ ಸದಸ್ಯರು ನೂರ ಎಂಬತ್ತು ಜನ. ಮುಂದಿನ ಭಾನುವಾರ ಹಂಚಿಕೆ.

"ಬಸ್ಸಿಗೆ ಹತ್ತಿರ ಇದ್ರೆ ಅರವತ್ತು ಅಂಕ, ನೀರಿಗೆ ಹತ್ತಿರ ಇದ್ರೆ ನಲವತ್ತು ಅಂಕ. ಎರಡೂ ಕೂಡಿಸಿ ಮೊದಲನೇ ಸೈಟಿಂದ ಕೊನೇದರವರೆಗೆ ಪಟ್ಟಿ ಆಗಿದೆ ಮೇಡಂ. ಸದಸ್ಯತ್ವದ ನಂಬರ್ ಪ್ರಕಾರ ಒಬ್ಬೊಬ್ಬರೇ ಬರೋದು, ಮೇಲಿರೋದು ತಗೊಳ್ಳೋದು. ಆಯ್ಕೆ ಅಂತ ಕೊಟ್ರೆ ಬರೀ ಗಲಾಟೆ. ನೀವೊಂದು ಸಹಿ ಹಾಕಿದ್ರೆ ಸಾಕು."

"ಅರವತ್ತು, ನಲವತ್ತು ಅಂತ ಯಾರು ಹೇಳಿದ್ದು?"

"ನಾನೇ. ಯಾರಾದ್ರೂ ಹೇಳಬೇಕಲ್ಲ."

ನಾನು ಕಂಪ್ಯೂಟರ್ ಅಧಿಕಾರಿಯ ಕಡೆ ತಿರುಗಿದೆ. ಒಬ್ಬೊಬ್ಬ ಸದಸ್ಯರೂ ತಮಗೆ ಬೇಕಾದ ಅಂಕ ತಾವೇ ಕೊಟ್ಟರೆ ಅವರವರಿಗೆ ಬೇರೆ ಬೇರೆ ಪಟ್ಟಿ ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ಅವರು ಒಳ್ಳೆಯವರೇ, ಆದರೆ ಅವರ ಯಂತ್ರ ಸಂಬಳದ ಚೀಟಿಗಳಿಗೆ ಮೀಸಲು. ಸಂಘಕ್ಕೆ ವಾರಕ್ಕೆ ಒಂದು ಗಂಟೆ. ಒಂದು ಪಟ್ಟಿಗೆ ಮುಕ್ಕಾಲು ಗಂಟೆ.

"ನೂರ ಎಂಬತ್ತು ಜನಕ್ಕೆ ನೂರ ಎಂಬತ್ತು ಪಟ್ಟಿ ಅಂದ್ರೆ ಮೇಡಂ, ನಾನು ರಿಟೈರ್ ಆದ್ಮೇಲೂ ಮುಗಿಯಲ್ಲ," ಎಂದರು.

ಕಾರ್ಯದರ್ಶಿಯವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ಸಾರ್, ಭಾನುವಾರ ನಿಮ್ಮ ನಂಬರೂ ಇದೆ. ನಿಮಗೆ ಎಂಥಾ ಸೈಟು ಬೇಕು?"

"ನನಗೇನು ಮೇಡಂ, ಸ್ಕೂಟರ್ ಇದೆ. ನೀರಿಗೆ ಬೋರ್ ಹಾಕಿಸ್ಕೊಳ್ತೀನಿ. ಹಿಂದಿನ ಮೂಲೇಲಿ ಒಂದು ಸೈಟು ನೋಡಿಟ್ಟಿದೀನಿ, ನಿಶ್ಶಬ್ದವಾಗಿದೆ."

"ಅದು ನಿಮ್ಮ ಪಟ್ಟೀಲಿ ಎಷ್ಟನೇದು?"

ಡ್ರಾಫ್ಟ್ಸ್‌ಮನ್ ಆಗಲೇ ಹಾಳೆ ಮಗುಚುತ್ತಿದ್ದರು. ಕೊನೆಯ ಹಾಳೆಗಳಿಗೆ ಬಂದು ಬೆರಳಿಟ್ಟು ಹೇಳಿದರು. "ಒಂಬೈನೂರ ನಲವತ್ತೆರಡನೇದು ಸಾರ್."

ಕಂಪ್ಯೂಟರ್ ಅಧಿಕಾರಿ ಕೆಮ್ಮಿದರು. ಕಾರ್ಯದರ್ಶಿ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು. "ಸರಿ, ಶುಕ್ರವಾರ ಐದು ಗಂಟೆಗೆ ಬರ್ತೀನಿ. ಒಬ್ಬರಿಗೆ ಮೂರು ನಿಮಿಷದಲ್ಲಿ ಅವರಿಗೆ ಸರಿಹೋಗೋ ಸೈಟು ತೋರಿಸೋ ದಾರಿ ನಿಮ್ಮ ಹತ್ರ ಇದ್ರೆ ತೋರಿಸಿ. ಇಲ್ದಿದ್ರೆ ಶನಿವಾರ ಸಂಚಾಲಕರನ್ನ ಬದಲಾಯಿಸೋ ಠರಾವು ತರ್ತೀನಿ. ಬೇಜಾರು ಮಾಡ್ಕೋಬೇಡಿ."

"ಬೇಜಾರಿಲ್ಲ. ಐದು ಗಂಟೆ ಅಂದ್ರೆ ಐದು ಗಂಟೆಗೇ ಬನ್ನಿ," ಎಂದೆ. ಪಟ್ಟಿಯ ಕಟ್ಟನ್ನು ಮಾತ್ರ ನನ್ನಲ್ಲೇ ಉಳಿಸಿಕೊಂಡೆ. ಪ್ರತಿ ಸೈಟಿನಿಂದ ಬಸ್ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ, ನೀರಿನ ಟ್ಯಾಂಕಿನ ಬುಡದ ನಲ್ಲಿಗೆ ಎಷ್ಟು ನಿಮಿಷ ಎಂಬುದು ಅದರಲ್ಲಿತ್ತು. ಮನೆಮನೆಗೆ ನಲ್ಲಿ ಬರಲು ಇನ್ನೂ ಎಷ್ಟು ವರ್ಷವೋ, ಯಾರಿಗೂ ಗೊತ್ತಿರಲಿಲ್ಲ.

ನನ್ನ ಪದ್ಧತಿ ನನಗೆ ಹೊಳೆದದ್ದು ಅಂದು ಮಧ್ಯಾಹ್ನ, ಮೊಸರನ್ನದ ಡಬ್ಬಿ ತೊಳೆಯುವಾಗ. ಸಂಖ್ಯೆಗಳನ್ನು ಕೂಡಿ ಕಳೆಯುವುದು ಯಂತ್ರದ ಕೆಲಸ. ನನ್ನ ಕೆಲಸ ಗೆರೆ ಎಳೆಯುವುದು. ಸೈಟುಗಳನ್ನು ಪಟ್ಟಿಯಲ್ಲಿ ಹುಡುಕುವ ಬದಲು ಹಾಳೆಯ ಮೇಲೆ ಹುಡುಕಿದರೆ?

ಗ್ರಾಫ್ ಹಾಳೆಯ ಕೆಳ ಅಂಚಿನಲ್ಲಿ ಎಡದಿಂದ ಬಲಕ್ಕೆ ಬಸ್ಸಿನ ನಿಮಿಷ ಗುರುತು ಮಾಡುವುದು. ಎಡ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ನೀರಿನ ನಿಮಿಷ. ಸೈಟಿಗೊಂದು ಗುಂಡುಸೂಜಿ. ಎಡಗಡೆಯ ಕೆಳ ಮೂಲೆಗೆ ಹತ್ತಿರವಾದಷ್ಟೂ ಒಳ್ಳೆಯ ಸೈಟು. ಈಗ ಒಬ್ಬರು ಬಂದು ಬಸ್ಸು, ನೀರು ಎರಡಕ್ಕೂ ಸಮ ಅಂಕ ಎಂದರೆ, ನಲವತ್ತೈದು ಡಿಗ್ರಿಯ ಸೆಟ್‌ಸ್ಕ್ವೇರನ್ನು ಮೂಲೆಯಲ್ಲಿಟ್ಟು ಅದರ ಓರೆ ಅಂಚನ್ನು ನಿಧಾನವಾಗಿ ಹೊರಕ್ಕೆ ಸರಿಸಬೇಕು. ಅಂಚಿಗೆ ಮೊದಲು ತಾಗುವ ಸೂಜಿ ಅವರ ಮೊದಲ ಸೈಟು, ಆಮೇಲಿನದು ಎರಡನೆಯದು. ಬಸ್ಸಿಗೆ ಎರಡು ಪಟ್ಟು ಅಂಕ ಎಂದರೆ ಅಂಚು ಇನ್ನಷ್ಟು ಕಡಿದಾಗಿರಬೇಕು, ನೀರಿಗೆ ಎರಡು ಪಟ್ಟು ಎಂದರೆ ಇನ್ನಷ್ಟು ಮಟ್ಟಸವಾಗಿರಬೇಕು. ಅಂಥ ಐದು ಬಗೆಯ ತ್ರಿಕೋನಗಳನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡರೆ ಆಯಿತು. ಕೂಡುವುದಿಲ್ಲ, ಗುಣಿಸುವುದಿಲ್ಲ, ಹೆಚ್ಚೆಂದರೆ ಅರ್ಧ ನಿಮಿಷ.

ಕಾರ್ಖಾನೆಯ ಸಮಯವನ್ನು ಸಂಘದ ಕೆಲಸಕ್ಕೆ ಬಳಸುವವಳು ನಾನಲ್ಲ. ಊಟದ ಅರ್ಧ ಗಂಟೆ, ಸಂಜೆ ನಾಲ್ಕೂವರೆಯ ಸೈರನ್ ಆದ ಮೇಲೆ ಎರಡು ಗಂಟೆ, ಇಷ್ಟೇ ನಮಗಿದ್ದದ್ದು. ಮೂವತ್ತು-ನಲವತ್ತು ಅಡಿಯ ಸೈಟುಗಳಿಗೆ ಬಾಗಿಲಿನ ದಿಕ್ಕಿಗೊಂದರಂತೆ ನಾಲ್ಕು ಬೋರ್ಡು, ಇಪ್ಪತ್ತು-ಮೂವತ್ತರವಕ್ಕೆ ನಾಲ್ಕು. ಡ್ರಾಫ್ಟ್ಸ್‌ಮನ್ ಸಂಖ್ಯೆ ಓದುವರು, ನಾನು ಸೂಜಿ ಚುಚ್ಚಿ, ಪಕ್ಕದಲ್ಲಿ 2ಎಚ್ ಪೆನ್ಸಿಲಿನಿಂದ ಸೈಟಿನ ನಂಬರು ಬರೆಯುವೆ. ಪ್ರತಿ ಇಪ್ಪತ್ತಕ್ಕೊಮ್ಮೆ ಇಬ್ಬರೂ ನಿಂತು ತಾಳೆ ನೋಡುವುದು. ಮಂಗಳವಾರ ಸಂಜೆ ಸಾವಿರದ ನೂರೂ ಮುಗಿದವು. ಹೆಬ್ಬೆರಳು ಊದಿಕೊಂಡಿತ್ತು.

ಬೋರ್ಡುಗಳನ್ನು ನೋಡಿ ಡ್ರಾಫ್ಟ್ಸ್‌ಮನ್, "ಮೇಡಂ, ಇಷ್ಟೊಂದು ಸೂಜೀಲಿ ಮುಂದಿನ ಸಾಲಿನವು ಬಿಟ್ರೆ ಉಳಿದಿದ್ದು ಸ್ಕ್ವೇರಿಗೆ ತಾಗೋದೇ ಇಲ್ಲ," ಎಂದರು. ನಿಜ. ಮೂಲೆಯ ಕಡೆಯ ಸೂಜಿಗಳನ್ನು ಬಳಸಿ ಒಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರೆ, ಅಂಚನ್ನು ಯಾವ ಓರೆಯಲ್ಲಿ ತಂದರೂ ಮೊದಲು ತಾಗುವುದು ಆ ದಾರಕ್ಕೆ ತಾಗಿದ ಸೂಜಿಯೇ. ಅವುಗಳನ್ನು ಬಿಟ್ಟು ಹಿಂದಿನವಕ್ಕೆ ಎರಡನೆಯ ದಾರ, ಹೀಗೆ ಐದು. ಯಾರು ಹೇಗೆ ಅಂಕ ಕೊಟ್ಟರೂ ಅವರ ಮೊದಲ ಐದು ಸೈಟುಗಳು ಈ ಐದು ದಾರಗಳ ಮೇಲೇ ಇರಲೇಬೇಕು. ಕಾಗದದ ಮೇಲೆ ಇಬ್ಬರೂ ಬೇರೆ ಬೇರೆ ಸಾಧಿಸಿ ನೋಡಿದೆವು, ತಪ್ಪಿರಲಿಲ್ಲ. ಒಂದು ಸೈಟು ಹೋದರೆ ಹಿಂದಿನ ದಾರದಿಂದ ಒಂದು ಮುಂದೆ ಬರುತ್ತದೆ. ಭಾನುವಾರ ದಾರಗಳು ಖರ್ಚಾಗುತ್ತ ಬಂದಂತೆ ಹೊಸ ದಾರ ಕಟ್ಟಿಕೊಂಡರಾಯಿತು.

ಬುಧವಾರ ದಾರ ಕಟ್ಟಿದೆವು. ಅಂದೇ ನಾನು ಇನ್ನೊಂದು ಕೆಲಸ ಮಾಡಿದೆ. ಐದನೆಯ ದಾರದ ಹಿಂದಿದ್ದ ಸೂಜಿಗಳು ಸದ್ಯಕ್ಕೆ ಬೇಡ, ಕಣ್ಣಿಗೆ ಅಡ್ಡ ಎಂದು ಎಲ್ಲವನ್ನೂ ಕಿತ್ತು ಬೋರ್ಡಿಗೊಂದರಂತೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದೆ. ಏಳುನೂರರ ಮೇಲಿದ್ದವು. ಬೇಡದ್ದು ಬೋರ್ಡಿನ ಮೇಲಿರಬಾರದೆಂಬುದು ನಾನು ಕಲಿತ ಪಾಠ. ಹತ್ತಾರು ಜನರಿಗೆ ಕಲಿಸಿದ ಪಾಠವೂ ಹೌದು. ಬೋರ್ಡು ಎಷ್ಟು ಚೆನ್ನಾಗಿ ಕಂಡಿತೆಂದರೆ ಸ್ವಲ್ಪ ದೂರ ನಿಂತು ನೋಡಿದೆ.

ಕಾರ್ಯದರ್ಶಿಯವರು ಬಾಗಿಲಲ್ಲಿ ಹಣಕಿದರು. "ಕಸೂತಿ ಕ್ಲಾಸು ಯಾವಾಗಿಂದ ಮೇಡಂ?"

"ಶುಕ್ರವಾರ ಐದಕ್ಕೆ ಸೇರ್ಕೊಳ್ಳಿ," ಎಂದೆ.

ಗುರುವಾರ ಸಂಜೆ ತಾಲೀಮು. ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬರು ಟೀ ತಂದರು. ಬಿನ್ನಿಪೇಟೆಯ ವಠಾರದಲ್ಲಿ ಅವರ ವಾಸ. ಅವರೂ ಸಂಘದ ಸದಸ್ಯರು, ಭಾನುವಾರದ ಪಟ್ಟಿಯಲ್ಲಿ ನೂರ ಹದಿನೆಂಟನೆಯವರು. ನಾನೇ ಕೂರಿಸಿಕೊಂಡೆ.

"ನಿಮಗೆ ಎಂಥಾ ಸೈಟು ಬೇಕಮ್ಮ? ಭಾನುವಾರ ಕೇಳೋದನ್ನ ಇವತ್ತೇ ಕೇಳಿ."

"ಇಪ್ಪತ್ತು-ಮೂವತ್ತು ಮೇಡಂ. ಪೂರ್ವದ ಬಾಗ್ಲು ಅಂತ ನಮ್ಮತ್ತೆ ಪಟ್ಟು ಹಿಡಿದು ಕುಂತವ್ರೆ. ಅದು ಬಿಟ್ರೆ ಬಸ್ಸೂ ದೂರ ಆಗ್ಬಾರ್ದು, ನೀರೂ ದೂರ ಆಗ್ಬಾರ್ದು. ಅಷ್ಟೇಯ."

ಸಮ ಅಂಕ ಎಂದುಕೊಂಡೆ. ಸೆಟ್‌ಸ್ಕ್ವೇರ್ ಸರಿಸಿದೆ. ಹದಿನೈದು ಸೆಕೆಂಡಿನಲ್ಲಿ ಐದು ಸೈಟು ಬಂದವು.

"ಮೊದಲನೇದು, ಬಸ್ಸಿಗೆ ಮೂರೇ ನಿಮಿಷ. ನೀರಿಗೆ ಇಪ್ಪತ್ತೆರಡು."

"ಇಪ್ಪತ್ತೆರಡಾ? ತಲೆ ಮ್ಯಾಲೆ ಕೊಡ ಇಟ್ಕಂಡು ಅಷ್ಟು ದೂರ ಬರಕ್ಕೆ ನಾನೇನು ಕರಗ ಹೊತ್ತೀನಾ ಮೇಡಂ?"

"ಎರಡನೇದು ನೋಡಿ. ನೀರಿಗೆ ನಾಲ್ಕು, ಬಸ್ಸಿಗೆ ಇಪ್ಪತ್ತೊಂದು."

"ನಾನು ಐದು ಗಂಟೆಗೆ ಇಲ್ಲಿ ಒಲೆ ಹಚ್ಬೇಕು. ಆ ಕತ್ತಲಾಗೆ ಇಪ್ಪತ್ತೊಂದು ನಿಮಿಷ ನಡೆದ್ರೆ ನಿಮ್ಗೆ ತಿಂಡಿ ಆಗಾಕಿಲ್ಲ, ಹೇರೋಹಳ್ಳಿ ನಾಯಿಗಳಿಗೆ ತಿಂಡಿ ಆಯ್ತದೆ."

ಡ್ರಾಫ್ಟ್ಸ್‌ಮನ್ ನಕ್ಕರು. ನನಗೆ ನಗು ಬರಲಿಲ್ಲ. ಮೂರನೆಯದೂ ನಾಲ್ಕನೆಯದೂ ಮೊದಲನೆಯದರ ಬೀದಿಯವೇ, ಐದನೆಯದು ಎರಡನೆಯದರ ಪಕ್ಕದ್ದು.

"ಎರಡೂ ಸುಮಾರಾಗಿರೋದು ಒಂದೂ ಇಲ್ವಾ?"

"ಒಳ್ಳೇದಿದ್ದಿದ್ರೆ ದಾರದ ಮೇಲೆ ಬರ್ತಿತ್ತಮ್ಮ," ಎಂದೆ. ಆ ಧ್ವನಿ ನನಗೆ ಇನ್ನೂ ನೆನಪಿದೆ. ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಯವರದು ಅದೇ ಧ್ವನಿಯಾಗಿತ್ತು.

ಆಕೆ ಬಗ್ಗಿ, ಬಿಗಿದ ದಾರಗಳ ಹಿಂದೆ, ನಟ್ಟ ನಡುವೆ ಬೆರಳಿಟ್ಟರು. "ಹಂಗಾದ್ರೆ ಇಲ್ಯಾಕೆ ತೂತವೆ? ಏನೋ ಇದ್ದಿದ್ದ ಕಿತ್ತಾಕವ್ರೆ ಯಾರೋ."

ತೂತಿನ ಪಕ್ಕದ ನಂಬರು ಓದಿ ಪಟ್ಟಿ ತೆಗೆದೆ. ಬಸ್ಸಿಗೆ ಹದಿನಾಲ್ಕು, ನೀರಿಗೆ ಹದಿನಾಲ್ಕು.

ಬಡಾವಣೆಯ ನಕ್ಷೆಯನ್ನು ನಾನೇ ನೂರು ಸಲ ನೋಡಿದ್ದೆ. ಬಸ್ ನಿಲ್ದಾಣ ಒಂದು ತುದಿಗೆ, ಟ್ಯಾಂಕು ಇನ್ನೊಂದು ತುದಿಗೆ, ನಡುವೆ ನೇರ ರಸ್ತೆ. ಆ ರಸ್ತೆಯ ನಡುಭಾಗದ ಎರಡೂ ಬದಿಯನ್ನು ಶಾಲೆಗೆ, ಪಾರ್ಕಿಗೆ ಬಿಟ್ಟಿದ್ದಾರೆ. ಹೀಗಾಗಿ ನಡುವಿನ ಸೈಟುಗಳು ಸ್ವಲ್ಪ ಒಳಗೆ, ಸುತ್ತಿ ಹೋಗಬೇಕು. ತುದಿಯ ಸೈಟಿಗೆ ಎರಡೂ ನಡಿಗೆ ಸೇರಿ ಇಪ್ಪತ್ತೈದು ನಿಮಿಷವಾದರೆ ಇದಕ್ಕೆ ಇಪ್ಪತ್ತೆಂಟು. ಬೋರ್ಡಿನ ಮೇಲೆ ಮುಂದಿನ ಸೂಜಿಗಳ ಸಾಲು ನಟ್ಟ ನಡುವೆ ಒಳಕ್ಕೆ ತಗ್ಗಿದೆ; ಎರಡು ತುದಿಗಳ ನಡುವೆ ಬಿಗಿಯಾಗಿ ಎಳೆದ ದಾರ ಈ ತಗ್ಗಿನ ಮುಂದೆ ಸೀದಾ ಹಾದುಹೋಗುತ್ತದೆ. ಒಂದಲ್ಲ, ಐದೂ ದಾರ. ಅಂಕ ಹೇಗೇ ಹಂಚಿದರೂ ಈ ಸೈಟು ಯಾರ ಐದರಲ್ಲೂ ಬರುವುದಿಲ್ಲ. ನಮ್ಮ ಸಾಧನೆಯಲ್ಲಿ ತಪ್ಪಿರಲಿಲ್ಲ. ಮನುಷ್ಯರ ಅಗತ್ಯ ಯಾವಾಗಲೂ ಕೂಡುವ ಲೆಕ್ಕದಲ್ಲೇ ಇರುತ್ತದೆ ಎಂದು ನಂಬಿದ್ದೇ ತಪ್ಪು. ಆ ನಂಬಿಕೆಯ ಮೇಲೆ ಏಳುನೂರು ಸೂಜಿಗಳನ್ನು ಕಿತ್ತು ಚೀಟಿ ಅಂಟಿಸಿದ್ದೆ.

"ಇದು ಕೊಡ್ತೀರಾ ಮೇಡಂ? ನಂಗೆ ಬ್ಯಾಡ ಅಂದ್ರೆ ಕೊನೇಗೆ ಹೋಗ್ಬೇಕಂತಲ್ಲ. ಹನ್ನೊಂದು ವರ್ಷ ಕಾದಿವ್ನಿ."

ನಿಯಮ ಹಾಗೇ ಇತ್ತು. ಸರದಿ ಬಂದಾಗ ತೆಗೆದುಕೊಳ್ಳಬೇಕು, ಬೇಡವೆಂದರೆ ನೂರ ಎಂಬತ್ತರ ಹಿಂದೆ ನಿಲ್ಲಬೇಕು. "ಕೊಡೋದು ನನ್ನ ಕೈಲಿಲ್ಲ. ಕಾಣೋ ಹಾಗೆ ಮಾಡೋದು ನನ್ನ ಕೈಲಿದೆ," ಎಂದೆ.

ಆಕೆ ಹೋದ ಮೇಲೆ ಡ್ರಾಫ್ಟ್ಸ್‌ಮನ್ ಒಂದು ಮಾತು ಹೇಳಿದರು. ಇದೊಂದು ಸೈಟಿಗೆ ಮಾತ್ರ ಸೂಜಿ ಚುಚ್ಚಿಬಿಡೋಣ, ನಾಳೆ ತಾಲೀಮು ದಾಟುತ್ತದೆ ಎಂದು. ನೂರ ಎಂಬತ್ತು ಜನರಲ್ಲಿ ಇಂಥ ಒಬ್ಬರು ಟೀ ತಂದದ್ದರಿಂದ ಸಿಕ್ಕರು. ಟೀ ತರದವರು ಎಷ್ಟು ಜನ? ದಾರ ಪೂರ್ತಿ ಬಿಚ್ಚುವುದೆಂದು ತೀರ್ಮಾನಿಸಿದೆ. ಶುಕ್ರವಾರ ಮಧ್ಯಾಹ್ನಕ್ಕೆ ಇಬ್ಬರೂ ಅರ್ಧ ದಿನದ ರಜೆ ಬರೆದುಕೊಟ್ಟೆವು. ಅದಕ್ಕೆ ಮೊದಲು ನಾನು ಅರ್ಧ ದಿನದ ರಜೆ ಹಾಕಿದ್ದು ತಂಗಿಯ ಮದುವೆಗೆ.

ಶುಕ್ರವಾರ ಒಂದು ಗಂಟೆಗೆ ನಲವತ್ತು ದಾರಗಳನ್ನೂ ಕತ್ತರಿಸಿ ಎಳೆದು ಹಾಕಿದೆವು. ತೂತುಗಳೂ ನಂಬರುಗಳೂ ಇದ್ದ ಕಾರಣ ಸೂಜಿಗಳು ಬೇಗ ಮನೆ ಸೇರಿದವು. ಮೂರೂಕಾಲಿಗೆ ಸಾವಿರದ ನೂರೂ ಬೋರ್ಡಿನ ಮೇಲೆ. ಇನ್ನು ಅವುಗಳಲ್ಲಿ ಯಾವುದನ್ನು ತೋರಿಸುವುದು? ಈ ಸಲದ ಪ್ರಶ್ನೆ ಅಂಕದ್ದಲ್ಲ. ಒಂದು ಸೈಟನ್ನು ಬಿಡಲು ಒಂದೇ ಕಾರಣ ಸಾಕು ಎಂದುಕೊಂಡೆವು: ಬಸ್ಸಿಗೂ ನೀರಿಗೂ ಅದಕ್ಕಿಂತ ದೂರವಲ್ಲದ, ಒಂದಕ್ಕಾದರೂ ಅದಕ್ಕಿಂತ ಹತ್ತಿರವಾದ ಇನ್ನೊಂದು ಸೈಟು ಇರಬೇಕು. ಅಂಥದ್ದಿಲ್ಲವಾದರೆ ಅದನ್ನು ಬಿಡುವ ಹಕ್ಕು ನಮಗಿಲ್ಲ.

ಅದಕ್ಕೆ ಟೀ-ಸ್ಕ್ವೇರ್, ಬೋರ್ಡಿನ ಅಂಚು ಹಿಡಿದು ಮೇಲೆ ಕೆಳಗೆ ಸರಿಯುವ ಉದ್ದನೆಯ ಅಡ್ಡಪಟ್ಟಿ, ಸಾಕಾಯಿತು. ಬಸ್ಸಿಗೆ ಎಲ್ಲಕ್ಕಿಂತ ಹತ್ತಿರದ, ಎಡತುದಿಯ ಸೂಜಿಗೆ ಕೆಂಪು ಕಾಗದದ ಚೂರು ಸಿಕ್ಕಿಸಿ, ಅದರ ಮಟ್ಟಕ್ಕೆ ಸ್ಕ್ವೇರನ್ನು ಅಡ್ಡ ಇಡುವುದು. ಒಂದೊಂದೇ ಸೂಜಿ ಬಲಕ್ಕೆ ನಡೆಯುವುದು. ಮುಂದಿನ ಸೂಜಿ ಸ್ಕ್ವೇರಿನ ಮೇಲ್ಗಡೆ ಇದ್ದರೆ ಅದನ್ನು ಸುಮ್ಮನೆ ಬಿಡುವುದು. ಕೆಳಗಡೆ ಇದ್ದರೆ ಅದಕ್ಕೂ ಕೆಂಪು ಚೂರು ಸಿಕ್ಕಿಸಿ, ಸ್ಕ್ವೇರನ್ನು ಅಲ್ಲಿಗೆ ಇಳಿಸುವುದು. ಟೀ-ಸ್ಕ್ವೇರ್ ಇಳಿಯುತ್ತದೆ, ಏರುವುದಿಲ್ಲ. ಕೆಂಪು ಚೂರುಗಳು ಮೆಟ್ಟಿಲಿನಂತೆ ಇಳಿದು ಬಂದವು. ನೂರ ನಲವತ್ತು ಸೂಜಿಯ ಬೋರ್ಡಿನಲ್ಲಿ ಹದಿನೇಳೋ ಹದಿನೆಂಟೋ ಮೆಟ್ಟಿಲು. ದಾರ ತಪ್ಪಿಸಿಕೊಂಡ ತಗ್ಗಿಗೆ ಮೆಟ್ಟಿಲು ಇಳಿದಿತ್ತು. ಹದಿನಾಲ್ಕು-ಹದಿನಾಲ್ಕರ ತಲೆಯ ಮೇಲೆ ಕೆಂಪು ಚೂರು ಕಂಡಾಗ ಡ್ರಾಫ್ಟ್ಸ್‌ಮನ್ ಹೋಗಿ ಎರಡು ಲೋಟ ನೀರು ತಂದರು.

ಬೇಡದ ಸೂಜಿಗಳನ್ನು ಈ ಸಲ ಕೀಳಲಿಲ್ಲ. ಒಂದು ಸೈಟು ಹೋದಾಗ ಅದರ ಹಿಂದೆ ಅಡಗಿದ್ದವು ಮುಂದೆ ಬರಬೇಕು. ಪೂರ್ತಿ ಬೋರ್ಡು ಮತ್ತೆ ನೋಡಬೇಕಿಲ್ಲ, ಎಡಬಲದ ಎರಡು ಮೆಟ್ಟಿಲುಗಳ ನಡುವೆ ಮಾತ್ರ ಟೀ-ಸ್ಕ್ವೇರ್ ಓಡಿಸಿದರೆ ಸಾಕು.

ಐದು ಗಂಟೆಗೆ ಕಾರ್ಯದರ್ಶಿಯವರು ಬಂದರು, ಆರು ಮಂದಿ ಸದಸ್ಯರನ್ನು ಕಟ್ಟಿಕೊಂಡೇ ಬಂದರು. ಬಸ್ಸೇ ಮುಖ್ಯ ಎಂದವರಿಗೆ ರಟ್ಟಿನ ತ್ರಿಕೋನ ಹಿಡಿದೆ. ಯಾವುದೂ ದೂರ ಆಗಬಾರದು ಎಂದವರಿಗೆ ಸೆಟ್‌ಸ್ಕ್ವೇರಿನ ಲಂಬಕೋನವನ್ನು ಹೊರಕ್ಕೆ ಸರಿಸುತ್ತ, ಬೋರ್ಡಿನ ಮೂಲೆಯಿಂದ ಚೌಕವನ್ನು ದೊಡ್ಡದು ಮಾಡುತ್ತ ಹೋದೆ. ಅದರೊಳಗೆ ಮೊದಲು ಬಿದ್ದ ಸೂಜಿ ತೋರಿಸಿದೆ. ಆರೂ ಜನ ಹನ್ನೊಂದು ನಿಮಿಷದಲ್ಲಿ ಮುಗಿದರು. ಕಾರ್ಯದರ್ಶಿಯವರು ಗಡಿಯಾರ ನೋಡಿಕೊಂಡರು.

"ನನ್ನಂಥೋರಿಗೆ ಏನ್ಮಾಡ್ತೀರಾ? ನನ್ನ ಸೈಟಿಗೆ ಕೆಂಪು ಇಲ್ಲ."

"ನಂಬರು ಗೊತ್ತಿರೋರಿಗೆ ಹುಡುಕೋ ಕೆಲಸವೇ ಇಲ್ಲ ಸಾರ್. ಹೇಳಿ, ಖಾಲಿ ಇದ್ರೆ ತಗೊಳ್ಳಿ. ಈ ಬೋರ್ಡು ನಂಬರು ಗೊತ್ತಿಲ್ಲದೆ ಕಷ್ಟ ಮಾತ್ರ ಗೊತ್ತಿರೋರಿಗೆ."

"ಭಾನುವಾರ ತಡ ಆದ್ರೆ ನಿಲ್ಲಿಸ್ತೀನಿ," ಎಂದು ಹೊರಟರು.

ಶನಿವಾರ ಬೋರ್ಡುಗಳನ್ನು ಮೆಟಾಡೋರಿನಲ್ಲಿ ವಿಜಯನಗರದ ಶಾಲೆಯೊಂದರ ಸಭಾಂಗಣಕ್ಕೆ ಸಾಗಿಸಿದೆವು. ಕಾರ್ಡ್ ರೋಡಿನ ಗುಂಡಿಗಳ ದಯೆಯಿಂದ ಒಂಬತ್ತು ಸೂಜಿ ಉದುರಿದವು. ಒಂಬತ್ತನ್ನೂ ಹುಡುಕಿ ಚುಚ್ಚಿ, ಬಾಗಿಲಿಗೆ ಬೀಗ ಹಾಕಿ ಬಂದೆ.

ಭಾನುವಾರ ಒಂಬತ್ತಕ್ಕೆ ಶುರು. ಮೊದಲ ಹತ್ತು ಜನ ನಿಧಾನ, ಆಮೇಲೆ ಸರಾಗ. ಜನ ತಮ್ಮ ಸರದಿಗೆ ಮುಂಚೆಯೇ ಬೋರ್ಡಿನ ಹತ್ತಿರ ನಿಂತು ಮೆಟ್ಟಿಲುಗಳನ್ನು ಓದಲು ಕಲಿತರು. "ಗುರು, ಆ ಮೂರನೇ ಮೆಟ್ಟಿಲು ನಂದು, ಕಣ್ಣು ಹಾಕ್ಬೇಡ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. ಮೂವತ್ತೊಂದನೆಯವರಾಗಿ ಕಾರ್ಯದರ್ಶಿಯವರು ಬಂದು ತಮ್ಮ ಮೂಲೆಯ ಸೈಟಿನ ನಂಬರು ಹೇಳಿದರು. ಸೂಜಿ ಕಿತ್ತು ರಿಜಿಸ್ಟರಿನಲ್ಲಿ ಬರೆದೆ.

ಒಂದು ಗಂಟೆಗೆ ಎಂಬತ್ತನಾಲ್ಕು ಮುಗಿದಿತ್ತು. ಕಾರ್ಯದರ್ಶಿಯವರು ಎದ್ದು ನಿಂತು, ಮಳೆ ಬರುವ ಹಾಗಿದೆ, ಜನರಿಗೆ ತೊಂದರೆ, ಉಳಿದವರಿಗೆ ಕಂಪ್ಯೂಟರ್ ಪಟ್ಟಿಯ ಪ್ರಕಾರವೇ ಕೊಟ್ಟು ಬೇಗ ಮುಗಿಸೋಣ ಎಂದರು. ಹಿಂದಿನ ಸಾಲುಗಳಲ್ಲಿ ಗದ್ದಲವೆದ್ದಿತು. ನಾನೂ ಎದ್ದೆ.

"ಸಾರ್, ಬೆಳಿಗ್ಗೆ ನಿಮ್ಮ ಸರದೀಲಿ ಆ ಪಟ್ಟಿ ಪ್ರಕಾರವೇ ತಗೊಂಡಿದ್ರೆ ನಾನೀಗ ಒಪ್ತಿದ್ದೆ. ಎಂಬತ್ತೈದನೆಯವರಿಂದ ಪಟ್ಟಿ ಅಂದ್ರೆ ಈ ರಿಜಿಸ್ಟರಿಗೆ ನನ್ನ ಸಹಿ ಇಲ್ಲ. ಮೊದಲ ಎಂಬತ್ತನಾಲ್ಕೂ ಸಿಂಧು ಆಗಲ್ಲ. ನಿಮ್ಮದೂ ಸೇರಿ."

ಸಭಾಂಗಣದಲ್ಲಿ ಯಾರೋ ಸಿಳ್ಳೆ ಹಾಕಿದರು. ನನಗೆ ಸಿಳ್ಳೆ ಹಿಡಿಸುವುದಿಲ್ಲ, 'ಸಾಲಾಗಿ ಕೂತ್ಕೊಳ್ಳಿ' ಎಂದು ಗದರಿಸಿ, ಅರ್ಧ ಗಂಟೆ ಊಟಕ್ಕೆ ಬಿಟ್ಟು ಮತ್ತೆ ಶುರು ಮಾಡಿದೆ. ಕಾರ್ಯದರ್ಶಿಯವರು ಕೂತರು.

ನೂರ ಮೂರನೆಯವರು ಟೂಲ್‌ರೂಮಿನ ಟರ್ನರ್. ಇಪ್ಪತ್ತು-ಮೂವತ್ತು, ಪೂರ್ವ.

"ಎಂಥಾ ಸೈಟು?"

"ಯಾವುದೂ ತುಂಬಾ ದೂರ ಇರ್ಬಾರ್ದು ಮೇಡಂ. ಮಧ್ಯದಲ್ಲಿ ಒಂದಿದ್ರೆ ನೋಡಿ."

ಡ್ರಾಫ್ಟ್ಸ್‌ಮನ್ ನನ್ನ ಮುಖ ನೋಡಿದರು. ಮೂರನೆಯ ಸಾಲಿನಲ್ಲಿ ಕ್ಯಾಂಟೀನಿನ ಆಕೆ ಸೆರಗು ಬಿಗಿಹಿಡಿದು ಕೂತಿದ್ದರು. ಟರ್ನರಿಗೆ ಬಸ್ಸಿಗಿಷ್ಟು, ನೀರಿಗಿಷ್ಟು ಅಂಕ ಹೇಳಿ ಎಂದು ಕೇಳಿದ್ದರೆ ಸಾಕಿತ್ತು; ಅಂಕದ ತ್ರಿಕೋನ ಆ ಸೂಜಿಯನ್ನು ಮುಟ್ಟುತ್ತಿರಲಿಲ್ಲ, ನಾನು ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ. ಚೌಕ ಹಿಡಿದೆ. ಮೂಲೆಯಿಂದ ದೊಡ್ಡದು ಮಾಡುತ್ತ ಹೋದೆ. ಮೊದಲು ಒಳಗೆ ಬಿದ್ದದ್ದು ಹದಿನಾಲ್ಕು-ಹದಿನಾಲ್ಕು.

"ಇದೇ ಮೇಡಂ, ಇದೇ ಕೊಡಿ," ಎಂದರು ಟರ್ನರ್.

ಸೂಜಿಯನ್ನು ನಾನೇ ಕಿತ್ತೆ. ಮೂರನೆಯ ಸಾಲಿನ ಕಡೆ ನೋಡಲಿಲ್ಲ. ಎಡಬಲದ ಮೆಟ್ಟಿಲುಗಳ ನಡುವೆ ಟೀ-ಸ್ಕ್ವೇರ್ ಓಡಿಸಿದೆ. ಇಷ್ಟು ಹೊತ್ತು ಆ ಸೂಜಿಯ ಹಿಂದೆ ಮರೆಯಾಗಿದ್ದ ಎರಡು ಸೂಜಿಗಳಿಗೆ ಕೆಂಪು ಚೂರು ಸಿಕ್ಕಿಸಿದೆ.

ನೂರ ಹದಿನೆಂಟು ಎಂದು ಕೂಗಿದಾಗ ಆಕೆ ನಿಧಾನವಾಗಿ ಬಂದರು.

"ನಂದು ಹೊಂಟೋಯ್ತಲ್ಲ ಮೇಡಂ. ನಾನು ನೋಡ್ತಾನೇ ಇದ್ದೆ."

"ಹೋಯ್ತು. ಅದರ ಹಿಂದೆ ಎರಡು ಬಂದಿವೆ, ನೋಡಿ. ಇದು ಬಸ್ಸಿಗೆ ಹದಿನಾಲ್ಕು, ನೀರಿಗೆ ಹದಿನೈದು. ಇನ್ನೊಂದು ಬಸ್ಸಿಗೆ ಹದಿನಾರು, ನೀರಿಗೆ ಹದಿನಾಲ್ಕು."

ಚೌಕ ಹಿಡಿದಿದ್ದರೆ ಮೊದಲನೆಯದೇ ಬರುತ್ತಿತ್ತು. ಹಿಡಿಯಲು ಕೈ ಎತ್ತಿಯೂ ಇದ್ದೆ. ಆಕೆ ಎರಡು ಸೂಜಿಗಳನ್ನೂ ಒಂದೊಂದು ಬೆರಳಿನಿಂದ ಮುಟ್ಟಿ ಲೆಕ್ಕ ಹಾಕುತ್ತಿದ್ದರು.

"ಬಸ್ಸಿಗೆ ಕೈ ಬೀಸ್ಕಂಡು ಹೋಯ್ತೀನಿ, ಎರಡು ನಿಮಿಷ ಜಾಸ್ತಿ ಆದ್ರೂ ಆಯ್ತದೆ. ಕೊಡ ಹೊತ್ತಾಗ ಒಂದು ನಿಮಿಷಾನೂ ಬ್ಯಾಡ. ಇದು ಕೊಡಿ, ಹದಿನಾರು-ಹದಿನಾಲ್ಕು."

ಸೆಟ್‌ಸ್ಕ್ವೇರ್ ಕೆಳಗಿಟ್ಟೆ. "ನೀವೇ ಕೀಳಿ," ಎಂದೆ. ಆಕೆ ಕಿತ್ತರು. ನಾನು ರಿಜಿಸ್ಟರಿನಲ್ಲಿ ಬರೆದು, ಹೆಸರಿನ ಮುಂದೆ ಅವರ ಸಹಿ ಹಾಕಿಸಿದೆ. ಎರಡು ನಿಮಿಷ ಐವತ್ತು ಸೆಕೆಂಡು ಆಗಿತ್ತು. ನೂರ ಹತ್ತೊಂಬತ್ತನೆಯವರನ್ನು ಕರೆದೆ.

ನೂರ ಎಂಬತ್ತನೆಯವರು ಸಹಿ ಮಾಡಿದಾಗ ಆರು ಗಂಟೆ ಐದು ನಿಮಿಷ. ಹೊರಗೆ ಸಣ್ಣ ಮಳೆ. ಜನ ಚದುರಿದರು. ಕಾರ್ಯದರ್ಶಿಯವರು ಬಾಗಿಲಲ್ಲಿ ಕೊಡೆ ಬಿಚ್ಚುತ್ತ, "ಮುಂದಿನ ಸಲಕ್ಕೂ ಬೋರ್ಡು ಇಟ್ಟಿರಿ ಮೇಡಂ," ಎಂದರು. ನಾನು ಎಣಿಸುತ್ತಿದ್ದೆ. ಹಂಚಿಕೆಯಾದ ಸೈಟುಗಳ ಸೂಜಿಗಳನ್ನು ಬೇರೆ ಡಬ್ಬಿಗೆ ಹಾಕಿದ್ದೆವು. ಸೈಟು ನೂರ ಎಂಬತ್ತು, ಸೂಜಿಯೂ ನೂರ ಎಂಬತ್ತಿರಬೇಕು. ನೂರ ಎಪ್ಪತ್ತೊಂಬತ್ತು ಬಂತು. ಮತ್ತೆ ಎಣಿಸಿದೆ. ಅಷ್ಟೇ. ಮೇಜಿನ ಕೆಳಗೆ ಹುಡುಕಲು ಬಗ್ಗಿದೆ.

"ಹುಡುಕಬೇಡಿ ಮೇಡಂ," ಎಂದರು ಡ್ರಾಫ್ಟ್ಸ್‌ಮನ್. "ನೂರ ಹದಿನೆಂಟರದ್ದು ಡಬ್ಬಿಗೆ ಬೀಳಲಿಲ್ಲ. ಅವರು ಅದನ್ನ ಸೆರಗಿಗೆ ಚುಚ್ಕೊಂಡು ಹೋದ್ರು. ನಾನು ನೋಡಿದೆ, ಹೇಳಲಿಲ್ಲ."

ರಿಜಿಸ್ಟರಿನ ಕೊನೆಯ ಪುಟ ತೆರೆದು, ಹಂಚಿಕೆಯಾದ ಸೈಟು 180, ಡಬ್ಬಿಯಲ್ಲಿರುವ ಸೂಜಿ 179, ಉಳಿದದ್ದೊಂದು ಸದಸ್ಯರ ಬಳಿ ಎಂದು ಬರೆದೆ. ಅದರ ಕೆಳಗೆ ಸಹಿ ಹಾಕಿದೆ.